ಕಿಣ್ವ ಇದೆ, ಸರಿ, ಕೆಲಸ ಮಾಡುತ್ತಿದೆಯೇ?

ಕೇಳುಗರೆಲ್ಲರಿಗೂ ನಮಸ್ಕಾರ. ಬೈಲಹೊಂಗಲ, ಸವದತ್ತಿ ಸೀಮೆಯಲ್ಲಿ ಸೋಯಾಬೀನ್ ಬೆಳೆಯುವವರು, ಅದರ ಹಿಂಡಿಯನ್ನು ಕೋಳಿಗೆ ಹಾಕುವವರು, ಬೆಳಗಾವಿಯ ಕಾಲೇಜುಗಳಲ್ಲಿ ಜೀವರಸಾಯನಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳು, ನಿಮ್ಮನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಒಂದೇ ಒಂದು ಮಾತು ಹೇಳಬೇಕಿದೆ. ಕಿಣ್ವ, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ವಸ್ತು, ಇದೆಯೇ ಎಂಬುದು ಒಂದು ಪ್ರಶ್ನೆ. ಅದು ಕೆಲಸ ಮಾಡುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕೊಡುವುದು ಆ್ಯಂಟಿಬಾಡಿ, ಅಂದರೆ ಪ್ರತಿಕಾಯ, ಒಂದು ನಿರ್ದಿಷ್ಟ ವಸ್ತುವನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನು. ಎರಡನೆಯದಕ್ಕೆ ಉತ್ತರ ಬೇಕಿದ್ದರೆ ಕಿಣ್ವದ ಕೆಲಸವನ್ನೇ ಅಳೆಯಬೇಕು. ಸಕ್ಕರೆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಕಬ್ಬು ನುರಿಯುವುದಿಲ್ಲವಲ್ಲ!

ಹಿಂಡಿಯಿಂದಲೇ ಶುರು ಮಾಡೋಣ. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಪ್ರತಿಬಂಧಕ ಎಂಬ ವಸ್ತು ಇರುತ್ತದೆ. ಕೋಳಿ ತಿಂದ ಪ್ರೋಟೀನು ಅರಗದಂತೆ ತಡೆಯುವುದೇ ಅದರ ಕೆಲಸ. ಬಿಸಿ ಕೊಟ್ಟರೆ ಅದು ಕೆಡುತ್ತದೆ. ಆದರೆ ಬಿಸಿ ಸಾಕಷ್ಟು ತಗುಲಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಅದೇ ಕಾಳಿನಲ್ಲಿ ಯೂರಿಯೇಸ್ ಎಂಬ ಕಿಣ್ವವೂ ಇದೆ. ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವ ಕಿಣ್ವ ಇದು. ಎರಡೂ ಹೆಚ್ಚುಕಡಿಮೆ ಒಂದೇ ಶಾಖಕ್ಕೆ ಕೆಡುತ್ತವೆ. ಹಾಗಾಗಿ ಯೂರಿಯೇಸ್ ಸತ್ತಿದೆಯೇ ನೋಡಿದರೆ ಸಾಕು, ಇನ್ನೊಂದೂ ಸತ್ತಿದೆ ಎಂದು ತಿಳಿಯಬಹುದು.

ನೋಡುವ ಕ್ರಮ ಹೀಗೆ. ನುಣ್ಣಗೆ ಪುಡಿ ಮಾಡಿದ ಹಿಂಡಿ 0.2 ಗ್ರಾಂನಂತೆ ಎರಡು ಕೊಳವೆಗೆ ಹಾಕಿ. ಪುಡಿ ಮಾಡುವಾಗ ಮಿಕ್ಸರ್ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಆ ಬಿಸಿಗೇ ಕಿಣ್ವ ಕೆಟ್ಟರೆ ಬೇಯದ ಹಿಂಡಿಯೂ ಬೆಂದಂತೆ ಕಾಣುತ್ತದೆ. ಒಂದು ಕೊಳವೆಗೆ ಪಿಎಚ್ (ಆಮ್ಲ, ಕ್ಷಾರದ ಅಳತೆ) 7.0ರ ಫಾಸ್ಫೇಟ್ ಬಫರ್, ಅಂದರೆ ಪಿಎಚ್ ಸುಲಭಕ್ಕೆ ಬದಲಾಗದ ದ್ರಾವಣ, 10 ಮಿಲಿಲೀಟರ್. ಇನ್ನೊಂದಕ್ಕೆ ಅದೇ ಬಫರ್ ಅಷ್ಟೇ, ಆದರೆ ಮಿಲಿಲೀಟರಿಗೆ 30 ಮಿಲಿಗ್ರಾಂ ಯೂರಿಯಾ ಕರಗಿಸಿದ್ದು. ಎರಡನ್ನೂ 30 ಡಿಗ್ರಿ ನೀರಿನಲ್ಲಿ 30 ನಿಮಿಷ ಇಟ್ಟು, ಐದೈದು ನಿಮಿಷಕ್ಕೊಮ್ಮೆ ಅಲ್ಲಾಡಿಸಿ, ತೆಗೆದ ಕೂಡಲೇ ಪಿಎಚ್ ಓದಿ. ಅಮೋನಿಯಾ ಬಂದಷ್ಟೂ ಪಿಎಚ್ ಏರುತ್ತದೆ. ಎರಡು ಕೊಳವೆಗಳ ವ್ಯತ್ಯಾಸ 0.05ರಿಂದ 0.20ರೊಳಗಿದ್ದರೆ ಹದವಾಗಿ ಬೆಂದಿದೆ. ಹೆಚ್ಚಿದ್ದರೆ ಬೆಂದಿಲ್ಲ. ಏನೂ ಏರದಿದ್ದರೆ ಅತಿಯಾಗಿ ಬೆಂದು ಲೈಸೀನ್ ಎಂಬ, ಕೋಳಿಗೆ ಬೇಕಾದ ಅಮೈನೋ ಆಮ್ಲ ಹಾಳಾಗಿರಬಹುದು. ಬರೀ ಬಫರಿನ ಕೊಳವೆ ದಂಡ ಎಂದು ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಅದಿಲ್ಲದೆ ಎಷ್ಟು ಏರಿತು ಎಂದು ಯಾವುದಕ್ಕೆ ಹೋಲಿಸಿ ಹೇಳುತ್ತೀರಿ? ಮತ್ತೆ, ಏಪ್ರಿಲ್ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದಲ್ಲಿ ಕೋಣೆಯ ಶಾಖವೇ 30 ದಾಟಿರುತ್ತದೆ. ಹತ್ತು ಡಿಗ್ರಿ ಏರಿದರೆ ಕಿಣ್ವದ ವೇಗ ಸುಮಾರು ಇಮ್ಮಡಿ. ಮೇಜಿನ ಮೇಲಿಟ್ಟು ಮಾಡಿದ ಲೆಕ್ಕ ಲೆಕ್ಕವಲ್ಲ.

ಈ ಯೂರಿಯೇಸ್‌ನ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸಮ್ನರ್ ಎಂಬ ವಿಜ್ಞಾನಿ ಇದ್ದರು. ಹುಟ್ಟಾ ಎಡಗೈಯವರು. ಹದಿನೇಳನೇ ವಯಸ್ಸಿಗೆ ಬೇಟೆಯ ಅವಘಡದಲ್ಲಿ ಆ ಎಡಗೈಯೇ ಹೋಯಿತು. ಬಲಗೈಯಲ್ಲಿ ಎಲ್ಲವನ್ನೂ ಹೊಸದಾಗಿ ಕಲಿತರು. ಒಂದೇ ಕೈಯಲ್ಲಿ ಪ್ರಯೋಗಶಾಲೆಯ ಕೆಲಸ! 1917ರಲ್ಲಿ ಜ್ಯಾಕ್ ಬೀನ್ ಎಂಬ ದಪ್ಪ ಬಿಳಿ ಕಾಳು ಹಿಡಿದು ಕೂತರು. ಅದರಲ್ಲಿ ಯೂರಿಯೇಸ್ ಹೇರಳ. ಕಿಣ್ವ ಎಂದರೆ ಏನು ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಅದು ಪ್ರೋಟೀನ್ ಅಲ್ಲ ಎಂದು ಜರ್ಮನಿಯ ರಸಾಯನಶಾಸ್ತ್ರಜ್ಞ ವಿಲ್‌ಸ್ಟೇಟರ್ ಹೇಳುತ್ತಿದ್ದರು. ಅವರೋ ನೊಬೆಲ್ ಪಡೆದವರು, ಮಾತಿಗೆ ತೂಕ ಜಾಸ್ತಿ. ಸಮ್ನರ್ ಒಂಬತ್ತು ವರ್ಷ ಬಿಡಲಿಲ್ಲ. 1926ರಲ್ಲಿ ಕಾಳಿನ ಹಿಟ್ಟನ್ನು ನೀರು ಬೆರೆಸಿದ ಅಸಿಟೋನಿನಲ್ಲಿ ಕಲಸಿ, ಸೋಸಿ, ರಾತ್ರಿಯಿಡೀ ತಣ್ಣಗಿಟ್ಟು, ಬೆಳಿಗ್ಗೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಎಂಟು ಮುಖದ ಪುಟ್ಟ ಹರಳುಗಳು. ಹರಳು ಪ್ರೋಟೀನೇ ಆಗಿತ್ತು. ಅದನ್ನು ಕರಗಿಸಿ ಯೂರಿಯಾಕ್ಕೆ ಹಾಕಿದರೆ ಬೇಗ ಬೇಗ ಅಮೋನಿಯಾ ಬಂತು. ಅಂದರೆ ಪ್ರೋಟೀನು ಇದೆ ಎಂದಷ್ಟೇ ಅವರು ತೋರಿಸಲಿಲ್ಲ, ಅದು ಕೆಲಸ ಮಾಡುತ್ತದೆ ಎಂದೂ ತೋರಿಸಿದರು. ಆದರೂ ಕೆಲವರು ನಂಬಲಿಲ್ಲ. 1930ರಲ್ಲಿ ಅಮೆರಿಕದ ಇನ್ನೊಬ್ಬ ವಿಜ್ಞಾನಿ ನಾರ್ತ್ರಪ್, ಹೊಟ್ಟೆಯಲ್ಲಿ ಪ್ರೋಟೀನು ಅರಗಿಸುವ ಪೆಪ್ಸಿನ್ ಎಂಬ ಕಿಣ್ವದ ಹರಳು ತೆಗೆದ ಮೇಲೆ ಅವರ ದನಿ ತಗ್ಗಿತು. 1946ರಲ್ಲಿ ಸಮ್ನರ್‌ಗೆ ನೊಬೆಲ್ ಬಂತು. ಅದಕ್ಕೂ ಮುಂಚೆ, 1930ರ ದಶಕದ ಆರಂಭದಲ್ಲೇ, ಸಮ್ನರ್ ಮೊಲಗಳಿಗೆ ಸ್ವಲ್ಪ ಸ್ವಲ್ಪ ಯೂರಿಯೇಸ್ ಚುಚ್ಚಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿಸಿದ್ದರು. ಸಾಮಾನ್ಯ ಮೊಲಕ್ಕೆ ಹೆಚ್ಚು ಯೂರಿಯೇಸ್ ಚುಚ್ಚಿದರೆ ರಕ್ತದಲ್ಲಿ ಅಮೋನಿಯಾ ಏರಿ ಅದು ಸಾಯುತ್ತದೆ. ಹೀಗೆ ತಯಾರಾದ ಮೊಲ ಅಷ್ಟನ್ನೂ ತಡೆದುಕೊಳ್ಳುತ್ತಿತ್ತು.

ಸಮ್ನರ್‌ಗೂ ಗೊತ್ತಿರದ ಒಂದು ಸಂಗತಿ 1975ರಲ್ಲಿ ಹೊರಬಂತು: ಯೂರಿಯೇಸ್‌ನೊಳಗೆ ನಿಕಲ್ ಎಂಬ ಲೋಹ ಇದೆ. ನಿಕಲ್ ಇಲ್ಲದ ಯೂರಿಯೇಸ್ ಯೂರಿಯಾ ಒಡೆಯುವುದಿಲ್ಲ. ನಿಕಲ್ ಸಿಗದಂತೆ ಬೆಳೆಸಿದ ಸೋಯಾ ಗಿಡದಲ್ಲಿ ಯೂರಿಯಾ ಎಲೆಯ ತುದಿಗೆ ಸೇರಿ ತುದಿ ಸುಟ್ಟಂತಾಗುತ್ತದೆ. ಆದರೆ ಆ್ಯಂಟಿಬಾಡಿ ಹಿಡಿಯುವುದು ಪ್ರೋಟೀನಿನ ಒಂದು ತುಣುಕನ್ನು. ನಿಕಲ್ ಇದ್ದರೆಷ್ಟು, ಬಿಟ್ಟರೆಷ್ಟು! ಮತ್ತೆ ಅದೇ ಮಾತು: ಇದೆ ಎಂದಾಕ್ಷಣ ಕೆಲಸ ಮಾಡುತ್ತಿದೆ ಎಂದಲ್ಲ.

ವಿದ್ಯಾರ್ಥಿಗಳೇ, ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಗುರುತಿಸುವ ಪರೀಕ್ಷೆಯಲ್ಲಿ, ದಪ್ಪ ಗೆರೆ ಬಂತು, ಕಿಣ್ವ ಚುರುಕಾಗಿದೆ ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆಯುತ್ತೀರಿ. ಆ ಗೆರೆಯಲ್ಲಿರುವ ಕಿಣ್ವವನ್ನು ಎಸ್‌ಡಿಎಸ್ ಎಂಬ ಮಾರ್ಜಕ ಹಾಕಿ 95 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿದವರು ನೀವೇ ಅಲ್ಲವೇ? ಅದು ಕೆಟ್ಟಿದೆ. ಗೆರೆ ಹೇಳುವುದು ಪ್ರಮಾಣವನ್ನು ಮಾತ್ರ. ಅದೂ ಸರಿಯಾದ ಗೆರೆಯಾಗಿದ್ದರೆ. ಯೂರಿಯೇಸ್‌ನ ಒಂದು ಘಟಕದ ತೂಕ ಸುಮಾರು 90 ಕಿಲೋಡಾಲ್ಟನ್ (ಪ್ರೋಟೀನು ತೂಗುವ ಮಾನ). ನಿಮ್ಮ ಗೆರೆ 50ರಲ್ಲಿ ಬಂದಿದ್ದರೆ ಆ್ಯಂಟಿಬಾಡಿ ಬೇರೆ ಯಾವುದನ್ನೋ ಹಿಡಿದಿರಬಹುದು, ಇಲ್ಲವೇ ಕಿಣ್ವ ತುಂಡಾಗಿರಬಹುದು. ಪಕ್ಕದ ಸಾಲಿನಲ್ಲಿ ಶುದ್ಧ ಕಿಣ್ವ ಓಡಿಸಿ. ಮೊದಲ ಆ್ಯಂಟಿಬಾಡಿ, ಅಂದರೆ ಕಿಣ್ವವನ್ನೇ ಹಿಡಿಯುವ ಆ್ಯಂಟಿಬಾಡಿ, ಹಾಕದ ಪಟ್ಟಿಯೊಂದೂ ಇರಲಿ.

ಎಲೈಸಾ, ಅಂದರೆ ಗುಣಿಗಳಿರುವ ತಟ್ಟೆಯಲ್ಲಿ ಆ್ಯಂಟಿಬಾಡಿ ಬಳಸಿ ಬಣ್ಣದಿಂದ ಪ್ರಮಾಣ ಅಳೆಯುವ ಪರೀಕ್ಷೆ, ಮಾಡುವವರಿಗೆ ಇನ್ನೊಂದು ತೊಡಕಿದೆ. ಬಣ್ಣ ಬರಿಸಲು ಆ್ಯಂಟಿಬಾಡಿಗೆ ಅಂಟಿಸುವುದು ಹೆಚ್ಚಾಗಿ ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ. ಗಿಡದ ರಸದಲ್ಲೂ ಪೆರಾಕ್ಸಿಡೇಸ್ ಇರುತ್ತದೆ. ಗುಣಿಯ ತಳದಲ್ಲಿ ಅದು ಅಷ್ಟಿಷ್ಟು ಉಳಿದರೂ ಆ್ಯಂಟಿಬಾಡಿ ಇಲ್ಲದ ಗುಣಿಯಲ್ಲೇ ಬಣ್ಣ ಬರುತ್ತದೆ. ಆ ಖಾಲಿ ಗುಣಿ ಇಟ್ಟವರಿಗೆ ಮಾತ್ರ ಇದು ಗೊತ್ತಾಗುತ್ತದೆ.

ಸಮಯ ಹತ್ತಿರ ಬಂತು, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಆ್ಯಂಟಿಬಾಡಿ ಬಂದ ದಿನವೇ 10–20 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 20ರಲ್ಲಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಕರೆಂಟು ಹೋಗಿ ಬರುವ ಕಡೆ, ಅದು ಇಲ್ಲದಾಗ ಫ್ರೀಜರಿನ ಬಾಗಿಲು ತೆರೆಯಲೇಬೇಡಿ. ಕೆಡದಿರಲೆಂದು ಸೋಡಿಯಂ ಅಜೈಡ್ ಸೇರಿಸುತ್ತೀರಲ್ಲ, ಅದು ಪೆರಾಕ್ಸಿಡೇಸ್ ಅನ್ನು ತಡೆಯುತ್ತದೆ. ಪೆರಾಕ್ಸಿಡೇಸ್ ಅಂಟಿಸಿದ ಎರಡನೇ ಆ್ಯಂಟಿಬಾಡಿಯ ಬಾಟಲಿಗೆ ಅದು ಬೇಡ. ಕೆಲಸ ಅಳೆಯುವಾಗ ಮೊದಲ ಕೆಲವು ನಿಮಿಷಗಳ ವೇಗವನ್ನೇ ತೆಗೆದುಕೊಳ್ಳಿ. ಕಿಣ್ವ ಎರಡು ಪಟ್ಟು ಹಾಕಿದರೆ ವೇಗವೂ ಎರಡು ಪಟ್ಟಾಗಬೇಕು. ಆಗದಿದ್ದರೆ ಕಿಣ್ವವನ್ನು ಇನ್ನೂ ತೆಳುಮಾಡಿ ಮತ್ತೆ ಅಳೆಯಿರಿ. ಕುದಿಸಿದ ಮಾದರಿಯೊಂದು ಪ್ರತಿ ಸಲವೂ ಜೊತೆಗಿರಲಿ. ಎಲೈಸಾ ಕೊಟ್ಟ ಪ್ರಮಾಣ, ಅಳೆದು ಬಂದ ವೇಗ, ಎರಡನ್ನೂ ವರದಿಯ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಬರೆಯಿರಿ. ನಮಸ್ಕಾರ.