ಬಕೆಟ್ಟಿನೊಳಗಿನ ಗೆರೆ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯನಾಗಿ ನಾನು ದಿನಾ ಕೇಳುವ ಮಾತೊಂದಿದೆ. ‘ತಲೆ ತಿರುಗುತ್ತೆ ಸಾರ್, ಪಿತ್ತ ಇರಬೇಕು.’ ಅಷ್ಟರಲ್ಲಿ ನಿಂಬೆರಸ ಕುಡಿದು ಆಗಿರುತ್ತದೆ, ಬಿಪಿ ನೋಡಿಸಿ ಆಗಿರುತ್ತದೆ, ತಲೆಸುತ್ತಿನ ಮಾತ್ರೆ ತಿಂಗಳುಗಟ್ಟಲೆ ನುಂಗಿ ಆಗಿರುತ್ತದೆ. ಕಿವಿಯನ್ನು ಮಾತ್ರ ತೋರಿಸಿರುವುದಿಲ್ಲ. ‘ಕಿವಿ ಚೆನ್ನಾಗಿ ಕೇಳಿಸುತ್ತಲ್ಲಾ!’ ಅನ್ನುತ್ತಾರೆ. ಕೇಳಿಸುವುದು ಕಿವಿಯ ಒಂದು ಕೆಲಸ. ನಮ್ಮನ್ನು ಬೀಳದ ಹಾಗೆ ನಿಲ್ಲಿಸುವುದು ಇನ್ನೊಂದು.

ಹೊಳಲ್ಕೆರೆ ಕಡೆಯ ಒಬ್ಬ ಗಾರೆ ಮೇಸ್ತ್ರಿ ಮಗನ ಹೆಗಲು ಹಿಡಿದುಕೊಂಡು ಬಂದಿದ್ದರು. ವಾರದ ಹಿಂದೆ ಬೆಳಿಗ್ಗೆ ಏಳುವಾಗ ಇಡೀ ಮನೆ ಗಿರಗಿರ ತಿರುಗಿತಂತೆ. ಎರಡು ದಿನ ವಾಂತಿ. ಈಗ ತಿರುಗುವುದು ನಿಂತಿದೆ, ಆದರೆ ಮುಖ ತೊಳೆಯಲು ಕಣ್ಣು ಮುಚ್ಚಿದರೆ ಯಾರೋ ಎಡಕ್ಕೆ ಎಳೆದ ಹಾಗಾಗುತ್ತದೆ. ‘ಕಣ್ಣು ಮಾತ್ರ ಸರಿ ಇದೆ ಸಾರ್. ಗೋಡೆ ಒಂದು ನೂಲು ವಾಲಿದ್ರೂ ಹೇಳ್ತೀನಿ’ ಅಂದರು.

ನಾನು ಬಕೆಟ್ ತಂದೆ. ಹೌದು, ನೀರು ತುಂಬುವ ಪ್ಲಾಸ್ಟಿಕ್ ಬಕೆಟ್ಟೇ. ಒಳಗೆ ತಳದಲ್ಲಿ ಒಂದು ಗೆರೆ. ಹೊರಗೆ ತಳಕ್ಕೆ ಕೋನಮಾಪಕ, ಅದರ ನಡುವಿನಿಂದ ಜೋತು ಬಿಟ್ಟ ದಾರ, ದಾರದ ತುದಿಗೆ ಸಣ್ಣ ಗುಂಡು. ಈ ವಿಧಾನವನ್ನು ಜರ್ಮನಿಯ ಮ್ಯೂನಿಕ್‌ನ ವೈದ್ಯರು 2009ರಲ್ಲಿ ಪ್ರಕಟಿಸಿದರು. ಲಕ್ಷಗಟ್ಟಲೆ ಬೆಲೆಯ ಯಂತ್ರವಿಲ್ಲದ ಊರಿನಲ್ಲೂ ಇದನ್ನು ಮಾಡಬಹುದು ಅನ್ನುವುದು ನನಗೆ ಬಹಳ ಸಂತೋಷ ಕೊಡುತ್ತದೆ.

ಮೇಸ್ತ್ರಿ ಬಕೆಟ್ಟಿನೊಳಗೆ ಮುಖವಿಟ್ಟರು. ಬಾಗಿಲು, ಕಿಟಕಿ, ಗೋಡೆಯ ಮೂಲೆ ಯಾವುದೂ ಕಾಣುವುದಿಲ್ಲ. ಅವು ಕಂಡರೆ ಕಣ್ಣು ಅವುಗಳ ಆಸರೆ ಹಿಡಿದು ಕಿವಿಯ ತಪ್ಪನ್ನು ಮುಚ್ಚಿಬಿಡುತ್ತದೆ. ನಾನು ಬಕೆಟ್ಟನ್ನು ವಾಲಿಸಿ ಹಿಡಿದು, ನಿಧಾನವಾಗಿ ತಿರುಗಿಸಿದೆ. ಗೆರೆ ನೆಟ್ಟಗೆ ಕಂಡಾಗ ಅವರು ‘ನಿಲ್ಸಿ’ ಅನ್ನಬೇಕು. ಹೀಗೆ ಹತ್ತು ಸಲ. ಆರೋಗ್ಯವಂತರಲ್ಲಿ ಸರಾಸರಿ ಎರಡು, ಹೆಚ್ಚೆಂದರೆ ಮೂರು ಡಿಗ್ರಿಯೊಳಗೇ ಇರುತ್ತದೆ. ಅವರದು ಎಡಕ್ಕೆ ಏಳು ಡಿಗ್ರಿ. ಬಕೆಟ್ ಅಲ್ಲಾಡಿಸದೆ, ಈ ಕಡೆ ಬಂದು ನೋಡಿ ಅಂದೆ. ದಾರವನ್ನೇ ಸುಮಾರು ಹೊತ್ತು ದಿಟ್ಟಿಸಿದರು. ‘ಇದು ನಮ್ಮ ಗುಂಡೇ ಅಲ್ವಾ ಸಾರ್’ ಅಂದರು. ಗೋಡೆ ನೆಟ್ಟಗಿದೆಯೇ ಅಂತ ಗಾರೆಯವರು ನೋಡುವುದು ಇಂಥದೇ ದಾರದ ಗುಂಡಿನಿಂದ. ಅದರ ಮಾತನ್ನು ಅವರು ತೆಗೆದುಹಾಕುವ ಹಾಗಿರಲಿಲ್ಲ.

ಎರಡೂ ಕಡೆ ಒಳಗಿವಿಯಲ್ಲಿ ಅಂಟಂಟಾದ ಪುಟ್ಟ ಹಾಸಿಗೆ ಇದೆ. ಅದರ ಮೇಲೆ ಸುಣ್ಣದ ಹರಳುಗಳು. ತಲೆ ವಾಲಿದರೆ ಹರಳಿನ ಭಾರಕ್ಕೆ ಹಾಸಿಗೆ ಜಾರುತ್ತದೆ, ಕೆಳಗಿನ ಕೂದಲಿನಂಥ ಎಳೆಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಮಿದುಳು ಎರಡೂ ಕಡೆಯ ಸುದ್ದಿಯನ್ನು ತೂಗಿ ನೋಡುತ್ತದೆ. ಮೇಸ್ತ್ರಿಯ ಎಡಗಿವಿಯ ಸಮತೋಲದ ನರ ಊದಿಕೊಂಡು ಸುಮ್ಮನಾಗಿತ್ತು. ಹೀಗಾದಾಗ ಕಣ್ಣುಗುಡ್ಡೆಗಳೇ ಸಾಕೆಟ್ಟಿನೊಳಗೆ ಆ ಕಡೆಗೆ ಸ್ವಲ್ಪ ಹೊರಳುತ್ತವೆ. ಗೆರೆಯೂ ಅವುಗಳ ಜೊತೆ ವಾಲುತ್ತದೆ.

ಒಂದು ಮಾತು ಮರೆಯಬೇಡಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲೂ ಆಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಿದುಳಿನ ಬುಡಕ್ಕೆ ರಕ್ತ ಹರಿಯುವುದು ನಿಂತಾಗಲೂ ಗೆರೆ ಹೀಗೇ ವಾಲುತ್ತದೆ. ಬಕೆಟ್ ಒಂದರಿಂದಲೇ ಎರಡನ್ನೂ ಬೇರೆ ಮಾಡಲಾಗುವುದಿಲ್ಲ.

ಮೇಸ್ತ್ರಿಗೆ ಮಾತ್ರೆಗಿಂತ ವ್ಯಾಯಾಮವೇ ಜಾಸ್ತಿ ಬೇಕಿತ್ತು. ಗೋಡೆಯ ಮೇಲಿನ ಚುಕ್ಕೆ ನೋಡುತ್ತಾ ತಲೆ ಆಡಿಸುವುದು, ಮಗನನ್ನು ಪಕ್ಕದಲ್ಲಿಟ್ಟುಕೊಂಡು ನಡೆಯುವುದು. ಎರಡು ತಿಂಗಳಿಗೆ ಗೆರೆ ಒಂದೂವರೆ ಡಿಗ್ರಿಗೆ ಬಂತು. ‘ಸಾರ್ವೆ ಹತ್ತಬಹುದಲ್ವಾ?’ ಅಂತ ಕೇಳಿದರು. ನನ್ನ ಮೂಗನ್ನೇ ನೋಡುತ್ತಿರಿ ಅಂದು ಅವರ ತಲೆಯನ್ನು ಥಟ್ಟನೆ ಸ್ವಲ್ಪ ಎಡಕ್ಕೆ ತಿರುಗಿಸಿದೆ. ಮೂಗಿನ ಮೇಲೇ ನಿಲ್ಲಬೇಕಾದ ಕಣ್ಣು ತಲೆಯ ಜೊತೆಗೇ ಹೋಗಿ, ಆಮೇಲೆ ಜಿಗಿದು ನನ್ನ ಮೂಗಿಗೆ ಬಂತು. ತಲೆಯ ತಿರುವನ್ನು ಅರಿಯುವ ಒಳಗಿವಿಯ ಕೊಳವೆಗಳು ಬೇರೆ. ಎಡಗಡೆಯವು ಇನ್ನೂ ಚೇತರಿಸಿಕೊಂಡಿರಲಿಲ್ಲ. ಸದ್ಯ ನೆಲದ ಕೆಲಸ ಮಾತ್ರ ಅಂದೆ.

ಈಗ ಮಗ ಸಾರ್ವೆಯ ಮೇಲಿಂದ ಗುಂಡು ಬಿಡುತ್ತಾನಂತೆ. ಇವರು ಕೆಳಗೆ ನಿಂತು ನೋಡುತ್ತಾರೆ.

ನಮಸ್ಕಾರ.