ಸೋಲಾರ್ ಇನ್ವರ್ಟರ್‌ಗೆ ಯಾವ ಆರ್‌ಸಿಸಿಬಿ?

ಕೇಳುಗರಿಗೆ ನಮಸ್ಕಾರ.

ಕರೆಂಟು ಭೂಮಿಗೆ ಸೋರಿದಾಗ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚೇ ಆರ್‌ಸಿಸಿಬಿ. ಅದನ್ನು ಕೊಳ್ಳುವಾಗ ಎಲ್ಲರ ಕಣ್ಣು ಹೋಗುವುದು ಅದರ ಮೇಲೆ ಬರೆದ ಮಿಲಿಆಂಪಿಯರ್ ಅಂಕಿಯ ಕಡೆಗೆ, ಅಂದರೆ ಎಷ್ಟು ಸೋರಿಕೆಗೆ ಅದು ಬೀಳಬೇಕೆಂಬುದರ ಕಡೆಗೆ. ಅದೇ ಮುಖದಲ್ಲಿ ಉಗುರಿಗಿಂತ ಚಿಕ್ಕದಾದ ಒಂದು ಚೌಕವೂ ಇರುತ್ತದೆ. ಒಳಗೆ ಬರೀ ಅಲೆಯ ಗೆರೆ ಇದ್ದರೆ ಅದು ಎಸಿ ಟೈಪ್. ಅಲೆಯ ಕೆಳಗೆ ಅರ್ಧ ಅಲೆಗಳೂ ಇದ್ದರೆ ಎ ಟೈಪ್. ಇವುಗಳ ಜೊತೆಗೆ ಒಂದು ನೇರ ಗೆರೆ, ಅದರಡಿ ತುಂಡು ಗೆರೆ ಕಂಡರೆ ಬಿ ಟೈಪ್. ಸೌರ ಇನ್ವರ್ಟರ್ ಜೋಡಿಸುವವರು ಮೊದಲು ಓದಬೇಕಾದದ್ದು ಈ ಚೌಕವನ್ನು.

ಕಾರಣ ಆರ್‌ಸಿಸಿಬಿಯ ಹೊಟ್ಟೆಯಲ್ಲಿದೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಅಲ್ಲಿ ಉಂಗುರದಂತಹ ಒಂದು ತಿರುಳಿನ ನಡುವೆ ಹಾದುಹೋಗುತ್ತವೆ. ಹೋದಷ್ಟು ಕರೆಂಟು ಮರಳದೆ ಭೂಮಿಗೆ ಸೋರಿದರೆ ತಿರುಳಿನಲ್ಲಿ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಏರಿಳಿತವೇ ಸ್ವಿಚ್ಚನ್ನು ಬೀಳಿಸುತ್ತದೆ. ಸೋರುವುದು ಏರಿಳಿತವಿಲ್ಲದ ಡಿಸಿ ಆದರೆ? ಸ್ವಿಚ್ ಬೀಳುವುದಿಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ ಡಿಸಿ ತಿರುಳನ್ನು ಕಾಂತತ್ವದಿಂದ ತುಂಬಿಬಿಡುವುದರಿಂದ, ಮುಂದೆ ನಿಜವಾದ ಎಸಿ ಸೋರಿಕೆ ಆದಾಗಲೂ ಆರ್‌ಸಿಸಿಬಿ ಕಿವುಡಾಗಿ ಕುಳಿತಿರುತ್ತದೆ. ಎ ಟೈಪ್ ತಾಳಿಕೊಳ್ಳುವುದು 6 ಮಿಲಿಆಂಪಿಯರ್‌ವರೆಗಿನ ನೇರ ಡಿಸಿಯನ್ನು ಮಾತ್ರ. ಬಿ ಟೈಪ್‌ನಲ್ಲಿ ಡಿಸಿಯನ್ನು ಗುರುತಿಸಲೆಂದೇ ಬೇರೆ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುತ್ತದೆ. ಬೆಲೆ ಏರುವುದೂ ಅದಕ್ಕೇ.

ಹಾಗಾದರೆ ಎಲ್ಲರೂ ಬಿ ಟೈಪ್ ಹಾಕಬೇಕೆ? ಬೇಕಿಲ್ಲ. ಆದರೆ ಇಂದಿನ ಇನ್ವರ್ಟರ್‌ಗಳಲ್ಲಿ ಹೆಚ್ಚಿನವಕ್ಕೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಫಲಕಗಳ ಡಿಸಿಗೂ ಮನೆಯ ಎಸಿಗೂ ನಡುವೆ ಗೋಡೆಯೇ ಇಲ್ಲದಂತಾಗುತ್ತದೆ. ಅಂತಾರಾಷ್ಟ್ರೀಯ ಮಾನದಂಡ ಐಇಸಿ 60364ರ 712ನೆಯ ಭಾಗದ ಪ್ರಕಾರ, ಇನ್ವರ್ಟರ್‌ನ ಎಸಿ ಕಡೆ ಆರ್‌ಸಿಡಿ, ಅಂದರೆ ಆರ್‌ಸಿಸಿಬಿಯಂತಹ ಸೋರಿಕೆ ರಕ್ಷಣೆಯ ಸಾಧನ, ಬಳಸುವುದಾದರೆ ಅದು ಬಿ ಟೈಪ್ ಆಗಿರಬೇಕು. ಎರಡು ಬದಿಗಳ ನಡುವೆ ಟ್ರಾನ್ಸ್‌ಫಾರ್ಮರ್‌ನಂತಹ ಬೇರ್ಪಡೆ ಇದ್ದರೆ, ಇಲ್ಲವೇ ಬಿ ಟೈಪ್ ಬೇಡವೆಂದು ತಯಾರಕರೇ ಹೇಳಿದ್ದರೆ ವಿನಾಯಿತಿ ಉಂಟು. ಆ ಮಾತು ತಯಾರಕರ ಕೈಪಿಡಿಯಲ್ಲೋ ಪತ್ರದಲ್ಲೋ ಬರಹದಲ್ಲಿರಲಿ. ಮಾರುವವರ ಬಾಯಿಮಾತು ಇಲ್ಲಿ ಸಾಲದು.

"ಇನ್ವರ್ಟರ್‌ನಲ್ಲೇ ಸೋರಿಕೆ ಗಮನಿಸುವ ಘಟಕ ಇದೆಯಲ್ಲ" ಎನ್ನುವವರಿದ್ದಾರೆ. ನಿಜ, ಇದೆ. ಸೋರಿಕೆ ಥಟ್ಟನೆ 30 ಮಿಲಿಆಂಪಿಯರ್ ಜಿಗಿದರೆ ಅದು 0.3 ಸೆಕೆಂಡಿನೊಳಗೆ ಇನ್ವರ್ಟರನ್ನು ವಿದ್ಯುತ್ ಜಾಲದಿಂದ ಬಿಡಿಸುತ್ತದೆ. ಆದರೆ ಅದು ಕಾಯುವುದು ಫಲಕಗಳ ಬದಿಯನ್ನು. ವಿತರಣಾ ಪೆಟ್ಟಿಗೆಯಿಂದ ಇನ್ವರ್ಟರ್‌ವರೆಗಿನ ಎಸಿ ಕೇಬಲ್ ಸುಲಿದರೆ ಅದರಿಂದ ಪ್ರಯೋಜನವಿಲ್ಲ.

ಇನ್ನು ಅಂಕಿಯ ವಿಚಾರ. ಫಲಕ ಮತ್ತು ಭೂಮಿ ಸೇರಿ ಒಂದು ಕೆಪಾಸಿಟರಿನಂತೆ ವರ್ತಿಸುವುದರಿಂದ ಯಾವ ದೋಷವಿಲ್ಲದೆಯೂ ತುಸು ಕರೆಂಟು ಸೋರುತ್ತಲೇ ಇರುತ್ತದೆ. ಫಲಕ ಒದ್ದೆಯಾದಾಗ ಇನ್ನಷ್ಟು. ಮಳೆ ಬಂದಾಗಲೆಲ್ಲ 30ರ ಆರ್‌ಸಿಸಿಬಿ ಬೀಳುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅದಕ್ಕೇ ಹಲವು ತಯಾರಕರು 100 ಅಥವಾ 300 ಮಿಲಿಆಂಪಿಯರ್ ಸೂಚಿಸುತ್ತಾರೆ. ಆದರೆ ಮನುಷ್ಯನ ಮೈಗೆ ತಗಲುವ ಆಘಾತಕ್ಕೆ ಹೆಚ್ಚುವರಿ ರಕ್ಷಣೆ ಎನಿಸಿಕೊಳ್ಳುವುದು 30 ಅಥವಾ ಅದಕ್ಕಿಂತ ಕಡಿಮೆಯದು ಮಾತ್ರ. ಆದ್ದರಿಂದ ಇನ್ವರ್ಟರ್‌ಗೆ ಪ್ರತ್ಯೇಕ ಸರ್ಕ್ಯೂಟ್ ಕೊಡಿ. ಪ್ಲಗ್ ಸಾಕೆಟ್‌ಗಳ ಆರ್‌ಸಿಸಿಬಿಗೆ ಅದನ್ನು ಜೋಡಿಸಬೇಡಿ. ಸ್ವಿಚ್ ಬಿದ್ದ ಮೇಲೂ, ತಾನೇ ನಿಲ್ಲುವ ತನಕ ಇನ್ವರ್ಟರ್ ಆ ಸಾಕೆಟ್‌ಗಳಿಗೆ ಕರೆಂಟು ಉಣಿಸಬಲ್ಲದು. ಇದೇ ಕಾರಣಕ್ಕೆ ಆರ್‌ಸಿಸಿಬಿ ಎರಡೂ ದಿಕ್ಕಿನ ಹರಿವಿಗೆ ಒಗ್ಗುವಂಥದ್ದೇ ಎಂದೂ ವಿಚಾರಿಸಿ. ಲೈನ್, ಲೋಡ್ ಎಂದು ಗುರುತು ಹಾಕಿದ್ದರೆ ಅದನ್ನು ತಿರುವುಮುರುವಾಗಿ ಕಟ್ಟುವಂತಿಲ್ಲ.

ಕೊನೆಯದಾಗಿ, ಟಿ ಎಂದು ಬರೆದ ಪರೀಕ್ಷೆಯ ಗುಂಡಿ. ಎಸಿ ಟೈಪ್‌ನಲ್ಲಿ ಅದನ್ನು ಒತ್ತಿದಾಗ ಒಳಗೆ ಹರಿಯುವುದು ಎಸಿ ಸೋರಿಕೆ. ಸ್ವಿಚ್ ಟಪ್ಪೆಂದು ಬೀಳುತ್ತದೆ, ನೋಡುವವರಿಗೆ ಸಮಾಧಾನವಾಗುತ್ತದೆ, ಡಿಸಿಯ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಕೂರಿಸಿದ್ದು ಬಿ ಟೈಪ್ ಆದರೆ, ಡಿಸಿ ಹರಿಸಿ ಪರೀಕ್ಷಿಸುವ ಉಪಕರಣ ತರಲು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿಡಿ.