ಗ್ಲಿಪ್ಟಿನ್ ಮಾತ್ರೆ ಯಾವ ಕಿಣ್ವವನ್ನು ತಡೆಯುತ್ತದೆ, ಯಾವುದನ್ನು ಮುಟ್ಟಬಾರದು?

[ದೃಶ್ಯ: ಮಾಟುಂಗಾದ ಔಷಧಿ ಅಂಗಡಿ, ಮಾತ್ರೆಗಳ ಪಟ್ಟಿ ಹತ್ತಿರದಿಂದ]

ನಿರೂಪಕಿ: ನಮಸ್ಕಾರ. ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡಿಗರ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಹಿರಿಯರು ಅನೇಕರಿದ್ದಾರೆ. ಆ ಪಟ್ಟಿಗಳ ಮೇಲೆ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಅಥವಾ ಮುಂಬಯಿಯ ಗ್ಲೆನ್‌ಮಾರ್ಕ್ ಕಂಪನಿ 2015ರಲ್ಲಿ ಭಾರತದ ಮಾರುಕಟ್ಟೆಗೆ ತಂದ ಟೆನೆಲಿಗ್ಲಿಪ್ಟಿನ್ ಎಂಬ ಹೆಸರನ್ನು ನೀವು ಓದಿರಬಹುದು. ಗ್ಲಿಪ್ಟಿನ್ ಗುಂಪಿನ ಈ ಮೂರೂ ತಡೆಯುವುದು ಡಿಪಿಪಿ-4 ಎಂಬ ಒಂದೇ ಕಿಣ್ವವನ್ನು.

[ಚಿತ್ರ: ಕರುಳು, ಮೇದೋಜೀರಕ ಗ್ರಂಥಿ]

ನಾವು ಉಂಡಾಗ ಕರುಳಿನ ಕೆಲವು ಕೋಶಗಳು ಜಿಎಲ್‌ಪಿ-1 ಎಂಬ ಪೆಪ್ಟೈಡನ್ನು ರಕ್ತಕ್ಕೆ ಬಿಡುತ್ತವೆ. ಮಣಿಸರದಂತೆ ಸಾಲಾಗಿ ಪೋಣಿಸಿದ 30 ಅಮೈನೊ ಆಮ್ಲಗಳ ಈ ಪೆಪ್ಟೈಡ್, ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಮಾತ್ರ ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುತ್ತದೆ. ಆದ್ದರಿಂದಲೇ ಗ್ಲಿಪ್ಟಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ವಿಪರೀತ ಇಳಿಯುವ ಭಯ ಕಡಿಮೆ. ಆದರೆ ಎರಡೇ ನಿಮಿಷಗಳಲ್ಲಿ ಅದರ ಅರ್ಧದಷ್ಟು ನಿಷ್ಕ್ರಿಯವಾಗುತ್ತದೆ. ರಕ್ತನಾಳದ ಒಳಗೋಡೆಯ ಕೋಶಗಳ ಮೇಲ್ಮೈಯಲ್ಲಿ ಕಾದಿರುವ ಡಿಪಿಪಿ-4, ಅದರ ತುದಿಯ ಹಿಸ್ಟಿಡೀನ್ ಮತ್ತು ಅಲನೀನ್ ಎಂಬ ಎರಡು ಅಮೈನೊ ಆಮ್ಲಗಳನ್ನು ಕತ್ತರಿಸಿಬಿಡುತ್ತದೆ. ಗ್ಲಿಪ್ಟಿನ್ ಈ ಕತ್ತರಿಯನ್ನು ತಡೆದು, ಜಿಎಲ್‌ಪಿ-1 ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ.

[ಚಿತ್ರ: ಕಿಣ್ವದ ಕುಳಿ, ನಿಧಾನವಾಗಿ ಹತ್ತಿರಕ್ಕೆ]

ಈ ಕಿಣ್ವವೂ ಅಮೈನೊ ಆಮ್ಲಗಳ ಸರವೇ. ಕತ್ತರಿಸುವ ಕೆಲಸ ನಡೆಯುವ ಅದರ ಕುಳಿಯಲ್ಲಿ, ಆ ಸರದ 205 ಮತ್ತು 206ನೆಯ ಸ್ಥಾನದ ಎರಡು ಗ್ಲುಟಮೇಟ್‌ಗಳು ಪೆಪ್ಟೈಡಿನ ಅಮೈನ್ ತುದಿಯನ್ನು ಹಿಡಿದಿಡುತ್ತವೆ, 630ನೆಯ ಸ್ಥಾನದ ಸೆರೀನ್ ಬಂಧವನ್ನು ತುಂಡರಿಸುತ್ತದೆ. ಸಿಟಾಗ್ಲಿಪ್ಟಿನ್ ತನ್ನ ಅಮೈನನ್ನು ಅದೇ ಗ್ಲುಟಮೇಟ್‌ಗಳಿಗೆ ಒಪ್ಪಿಸಿ, ಅಲನೀನ್ ಕೂರಬೇಕಾದ ಜಾಗವನ್ನು ತನ್ನ ಫ್ಲೋರಿನ್‌ಯುಕ್ತ ಉಂಗುರದಿಂದ ತುಂಬುತ್ತದೆ. ಅದರಲ್ಲಿ ಕತ್ತರಿಸಲು ಸಿಗುವ ಬಂಧ ಆ ಜಾಗದಲ್ಲಿ ಇಲ್ಲದ್ದರಿಂದ ಸೆರೀನ್ ಏನೂ ಮಾಡಲಾರದು. ವಿಲ್ಡಾಗ್ಲಿಪ್ಟಿನ್‌ನ ದಾರಿ ಬೇರೆ: ಅದರ ನೈಟ್ರೈಲ್ ಗುಂಪು (ಇಂಗಾಲ ಮತ್ತು ಸಾರಜನಕದ ಜೋಡಿ) ಸೆರೀನ್‌ನೊಂದಿಗೇ ಬಂಧ ಬೆಳೆಸಿ, ಬಹಳ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ.

ಕುಳಿಯನ್ನು ಮುಚ್ಚುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ, ನನ್ನ ದೃಷ್ಟಿಯಲ್ಲಿ ಈ ಔಷಧಿಗಳ ನಿಜವಾದ ಸಾಧನೆಯೂ ಅದೇ. ಡಿಪಿಪಿ-4ಕ್ಕೆ ಡಿಪಿಪಿ-8 ಮತ್ತು ಡಿಪಿಪಿ-9 ಎಂಬ ಸಂಬಂಧಿಗಳಿದ್ದು, ಅವು ಕೋಶದ ಒಳಗಡೆ, ಕೋಶರಸದಲ್ಲಿ ಇರುತ್ತವೆ. ಇವನ್ನು ತಡೆಯಬಲ್ಲ ಅಣುವೊಂದು ಕೋಶದೊಳಗೆ ನುಗ್ಗಿದರೆ, ಕೆಲವು ರೋಗನಿರೋಧಕ ಕೋಶಗಳು ಉರಿಯೂತದ ಸಂಕೇತಕ್ಕೆ ಸಿಲುಕಿ ಒಡೆದು ಸಾಯುತ್ತವೆ. ಗ್ಲಿಪ್ಟಿನ್‌ಗಳ ಶೋಧದ ಆರಂಭದಲ್ಲಿ ಪರೀಕ್ಷಿಸಿದ ಒಂದು ಅಣು ಇಲಿ ಮತ್ತು ನಾಯಿಗಳಲ್ಲಿ ವಿಷಕಾರಿಯಾದಾಗ, ವಿಜ್ಞಾನಿಗಳ ಸಂಶಯ ಈ ಸಂಬಂಧಿಗಳನ್ನು ತಡೆದದ್ದರ ಕಡೆಗೇ ಹೋಯಿತು. ಅಂದಿನಿಂದ ಡಿಪಿಪಿ-4ನ್ನು ಮಾತ್ರ ಗುರುತಿಸುವ ಅಣುವಿಗಾಗಿ ಹುಡುಕಾಟ ನಡೆದು, 2006ರಲ್ಲಿ ಅಮೆರಿಕದಲ್ಲಿ ಸಿಟಾಗ್ಲಿಪ್ಟಿನ್‌ಗೆ ಅನುಮತಿ ದೊರೆಯಿತು. ಸಿಟಾಗ್ಲಿಪ್ಟಿನ್ ಮತ್ತು ಟೆನೆಲಿಗ್ಲಿಪ್ಟಿನ್ ಎರಡೂ ಚಾಚಿಕೊಳ್ಳುವ ಬದಿಯ ಒಂದು ಕುಳಿ ಡಿಪಿಪಿ-4ರಲ್ಲಿದೆ, ಆ ಸಂಬಂಧಿಗಳಲ್ಲಿ ಇಲ್ಲ.

[ಚಿತ್ರ: ಇಂಜೆಕ್ಷನ್ ಪೆನ್]

ಈಗ ಹೆಸರು ಮಾಡಿರುವ, ಜಿಎಲ್‌ಪಿ-1ನ್ನೇ ಹೋಲುವ ಸೆಮಾಗ್ಲುಟೈಡ್ ಇಂಜೆಕ್ಷನ್, ಪೆಪ್ಟೈಡ್ ಬೇಗ ತುಂಡಾಗುವ ಸಮಸ್ಯೆಯನ್ನು ಇನ್ನೊಂದು ಬದಿಯಿಂದ ಬಿಡಿಸಿದೆ: ಅದರಲ್ಲಿ ಎರಡನೆಯ ಸ್ಥಾನದ ಅಲನೀನನ್ನೇ ಬದಲಿಸಿರುವುದರಿಂದ ಡಿಪಿಪಿ-4 ಅದನ್ನು ಸುಲಭವಾಗಿ ಕತ್ತರಿಸಲಾರದು. ಹೀಗಾಗಿ ಆ ಇಂಜೆಕ್ಷನ್ ಪಡೆಯುವವರಿಗೆ ಗ್ಲಿಪ್ಟಿನ್‌ನಿಂದ ಹೆಚ್ಚಿನ ಲಾಭವಿಲ್ಲ. ಇಂಜೆಕ್ಷನ್ ಆರಂಭಿಸುವ ಮುನ್ನ ನೀವು ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳನ್ನು ವೈದ್ಯರಿಗೆ ತಪ್ಪದೆ ತೋರಿಸಿ. ಮೂತ್ರಪಿಂಡದ ತೊಂದರೆಯಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ಸಿಟಾಗ್ಲಿಪ್ಟಿನ್ ಬಹುಪಾಲು ಮೂತ್ರದ ಮೂಲಕವೇ ಹೊರಹೋಗುವುದರಿಂದ ಅದರ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.